ಮಳೆ ಎಂದು ಓದಿದ ಮೂರು ಸೂಚನೆಗಳು

ಫೋಟೋದಲ್ಲಿ ಹುಡುಗಿಯ ಎಡಗಡೆ, ಭುಜಕ್ಕಿಂತ ಸ್ವಲ್ಪ ಕೆಳಗೆ, ಎರಡು ಬೆರಳಗಲದ ಒಂದು ಚೌಕದಲ್ಲಿ ಮಾತ್ರ ಬಟ್ಟೆಯ ನೀಲಿ ಹೊಸದಾಗಿತ್ತು. ಸುತ್ತಲಿನ ನೀಲಿ ಒಗೆದು ಒಗೆದು, ಬಿಸಿಲಿಗೆ ಹಾಕಿ ಹಾಕಿ ಮಾಸಿತ್ತು. ಚೌಕದ ಅಂಚಿನುದ್ದಕ್ಕೂ ಸೂಜಿಯ ಸಣ್ಣ ತೂತುಗಳು. ಚಿತ್ರವನ್ನು ಹಿಗ್ಗಿಸಿದಾಗ ಒಂದು ಮೂಲೆಯಲ್ಲಿ ಬಿಳಿ ದಾರದ ತುಂಡು ಇನ್ನೂ ಅಂಟಿಕೊಂಡಿರುವುದು ಕಂಡಿತು. ಶಾಲೆಯ ಬ್ಯಾಡ್ಜನ್ನು ಯಾರೋ ಅವಸರದಲ್ಲಿ ಬಿಚ್ಚಿದ್ದರು.

ಇದನ್ನು ನಾನು ನೋಡಿದ್ದು ಮೂರನೇ ದಿನ. ಮೊದಲ ಎರಡು ದಿನ ಫೋಟೋ ತೆರೆದೇ ಇರಲಿಲ್ಲ.

ನಾನು ಕೆಲಸ ಮಾಡುವುದು ಗಡಿಯಾಚೆ ಮರಾಠಿ ನಾಡಿನ ಉದಗೀರದಲ್ಲಿ, ಬೀಜದ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳ ಕಚೇರಿಯಲ್ಲಿ. ಈ ಭಾಗದ ರೈತರು ಮತ್ತು ಕುರಿಗಾರರು ಮೊಬೈಲಿನಲ್ಲಿ ಬಳಸುವ ಒಂದು ಆ್ಯಪ್ ನಮ್ಮದು. ಅದರಲ್ಲಿ ದನ-ಕುರಿ ಕೊಡುಕೊಳ್ಳುವ ಬಳಗವಿದೆ, ಮಳೆಯ ಸುದ್ದಿ ಬರುತ್ತದೆ, ವಧು-ವರರ ಬಳಗವೂ ಇದೆ. ದೇವಣಿ ತಳಿಯ ಎತ್ತು ಹುಡುಕಲು ಬಂದವರು ಅಳಿಯನನ್ನೂ ಹುಡುಕಿಕೊಂಡು ಹೋಗುತ್ತಾರೆ ಎಂದು ನಮ್ಮ ಮೇಲ್ವಿಚಾರಕರು ನಗುತ್ತಾರೆ. ಯಾರಾದರೂ ಒಂದು ಪೋಸ್ಟಿನ ಮೇಲೆ ದೂರು ಒತ್ತಿದರೆ ಅದು ನನ್ನ ಪಟ್ಟಿಗೆ ಬರುತ್ತದೆ. ಬೈಗುಳ, ಸುಳ್ಳು ಔಷಧ, ಒಂದೇ ಎತ್ತನ್ನು ಐದು ಜನರಿಗೆ ಮಾರುವವರು, ಇವೆಲ್ಲ ನನ್ನ ದಿನನಿತ್ಯ. ಪ್ರತಿ ದೂರಿಗೂ ‘ಇರಲಿ’, ‘ತೆಗೆ’, ‘ಪರಿಶೀಲನೆಗೆ’ ಎಂಬ ಮೂರು ಗುಂಡಿಗಳಿವೆ. ಯಾವುದನ್ನು ಒತ್ತಿದರೂ ದೂರು ಕೊಟ್ಟವರ ಫೋನಿಗೆ ಒಂದು ಸಿದ್ಧ ಸೂಚನೆ ತಾನಾಗಿ ಹೋಗುತ್ತದೆ.

ಆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಪಟ್ಟಿ ತೆರೆದಾಗ ಮೇಲೆಯೇ ಒಂದು ವಧುವಿನ ಬಯೋಡಾಟಾ ಇತ್ತು. ನಿಲಂಗಾ ತಾಲೂಕಿನ ಒಂದು ಹಳ್ಳಿಯಿಂದ ಹಾಕಿದ್ದು. ದೂರು ಬಂದ ಹೊತ್ತು ಆರು ನಲವತ್ತು. ಕಾರಣ: ತಪ್ಪು ಮಾಹಿತಿ. ಪಕ್ಕದಲ್ಲಿ ಹಳದಿ ಗುರುತು. ಪೋಸ್ಟ್ ಹಾಕಿದ ಖಾತೆಯೇ ಅದರ ಮೇಲೆ ದೂರನ್ನೂ ಕೊಟ್ಟಿದ್ದರೆ ಆ ಗುರುತು ಬರುತ್ತದೆ. ಇದಕ್ಕೆ ನಮ್ಮ ನಿಯಮಪಟ್ಟಿಯಲ್ಲಿ ಒಂದು ಸಾಲಿದೆ: ‘ಕೈತಪ್ಪಿ ಒತ್ತಿದ್ದು, ಮುಚ್ಚುವುದು.’ ಹೊಲದಲ್ಲಿ ಮಣ್ಣಿನ ಕೈಯಲ್ಲಿ ಫೋನ್ ಹಿಡಿಯುವವರ ಹೆಬ್ಬೆರಳು ಎಲ್ಲೆಲ್ಲೋ ತಾಗುತ್ತದೆ, ಇಂಥವು ದಿನಾ ಬರುತ್ತವೆ. ಆ ಸಾಲನ್ನು ಬರೆದದ್ದು ನಾನೇ. ‘ಇರಲಿ’ ಒತ್ತಿ ಮುಂದೆ ಹೋದೆ.

ಮಂಗಳವಾರ ಅದೇ ಬಯೋಡಾಟಾ, ಅದೇ ಖಾತೆ, ಆರು ನಲವತ್ತೊಂದು. ಮತ್ತೆ ಮುಚ್ಚಿದೆ. ಯಾರದೋ ಫೋನಿನ ಪರದೆ ಕೆಟ್ಟಿರಬೇಕು ಎಂದುಕೊಂಡೆ.

ಬುಧವಾರ ಮೂರನೆಯದು ಬಂತು. ಈ ಸಲ ‘ವಿವರ’ ಎಂಬ ಜಾಗದಲ್ಲಿ ಬರಹವಿತ್ತು. ದೇವನಾಗರಿ ಅಕ್ಷರ ಕಂಡು ನಮ್ಮ ಯಂತ್ರ ಅದನ್ನು ಮರಾಠಿ ಎಂದು ಗುರುತಿಸಿ, ಅರ್ಥವಾಗದೆ ಬಿಟ್ಟಿತ್ತು. ಅದು ಮರಾಠಿಯಲ್ಲ. ನಮ್ಮ ಕಡೆ ಮನೆಯಲ್ಲಿ ಕನ್ನಡ ಆಡುತ್ತೇವೆ, ಶಾಲೆಯಲ್ಲಿ ಮರಾಠಿ ಕಲಿಯುತ್ತೇವೆ. ಹಾಗಾಗಿ ಮನೆಯ ಮಾತನ್ನು ಶಾಲೆಯ ಅಕ್ಷರದಲ್ಲೇ ಬರೆಯುತ್ತೇವೆ. ಉಮರ್ಗಾದಲ್ಲಿರುವ ಅವ್ವನಿಗೆ ನಾನು ಕಳಿಸುವ ಸಂದೇಶಗಳೂ ಹಾಗೆಯೇ ಇರುತ್ತವೆ. ಕನ್ನಡ ಅಕ್ಷರ ನಾನು ಕಲಿತದ್ದು ಕಾಲೇಜಿಗೆ ಬಂದ ಮೇಲೆ. ತುಟಿ ಅಲ್ಲಾಡಿಸಿ ಓದಿದೆ.

“ಇದು ನಾನೇ ಹಾಕಿದ್ದು. ನೀವು ತೆಗೀರಿ. ನಾ ತೆಗದ್ರ ಮನ್ಯಾಗ ತಿಳೀತದ. ನಾ ಇನ್ನಾ ಸಣ್ಣಾಕಿ ಅದೀನಿ.”

ಆಗ ಫೋಟೋ ತೆರೆದೆ. ಆ ಚೌಕ ಕಂಡಿತು. ಬಯೋಡಾಟಾದಲ್ಲಿ ಹುಟ್ಟಿದ ದಿನ ಜೂನ್ ಒಂದು ಎಂದಿತ್ತು. ಅದರಿಂದ ಏನೂ ತಿಳಿಯುವುದಿಲ್ಲ. ಒಂದನೇ ತರಗತಿಗೆ ಸೇರಿಸುವಾಗ ಮಾಸ್ತರರು ಎಲ್ಲರಿಗೂ ಅದೇ ದಿನ ಬರೆಯುವುದರಿಂದ ನಮ್ಮ ಕಡೆಯ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಇಸವಿಯ ಪ್ರಕಾರ ಹುಡುಗಿಗೆ ಹತ್ತೊಂಬತ್ತು. ಮುಖದ ಪ್ರಕಾರ ಅಷ್ಟಿರಲಿಲ್ಲ. ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧವೆಂದು ನನಗೆ ಗೊತ್ತಿತ್ತು. ಅದರ ಜಾಹೀರಾತು ಎರಡು ದಿನದಿಂದ ನನ್ನ ಪಟ್ಟಿಯಲ್ಲೇ ಇತ್ತು, ನಾನು ಎರಡು ಸಲ ‘ಇರಲಿ’ ಎಂದಿದ್ದೆ.

ಎದ್ದು ಮೇಲ್ವಿಚಾರಕರ ಮೇಜಿಗೆ ಹೋದೆ. ಅವರು ಉದಗೀರದವರು. ಹೆಣ್ಣುಮಕ್ಕಳನ್ನೆಲ್ಲ ಮರಾಠಿಯಲ್ಲಿ ಅಕ್ಕ ಎಂಬಂತೆ ‘ತಾಈ’ ಎಂದೇ ಕರೆಯುತ್ತಾರೆ.

“ತಾನ ಹಾಕಿ ತಾನ ಕಂಪ್ಲೇಂಟ್ ಮಾಡ್ತಾರಾ ತಾಈ? ಬೆರಳ ತಾಗಿರ್ತದ.”

“ಮೂರು ದಿನ ಅದೇ ಹೊತ್ತಿಗೆ ಬೆರಳು ತಾಗುವುದಿಲ್ಲ ಸರ್. ಇದನ್ನ ಓದ್ರಿ.”

ಅವರು ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಯಮ ಅದ ಅಲ್ಲ? ಪೋಸ್ಟ್ ತೆಗಿ, ಖಾತೆ ಬಂದ್ ಮಾಡು. ಮುಗೀತು.”

“ಖಾತೆ ಬಂದ್ ಮಾಡಿದ್ರ ಆಕಿ ನಮಗ ಮತ್ತ ಹೆಂಗ ಬರೀತಾಳ್ರಿ? ಪೋಸ್ಟ್ ತೆಗದ್ರ ನಾಳೆ ಬ್ಯಾರೆ ಕಡಿ ಹಾಕ್ತಾರ. ಅಲ್ಲಿ ನಮ್ಮಂಥವರು ಯಾರೂ ಇರೂದಿಲ್ಲ.”

“ಇಟ್ರ? ಫೋಟೋ, ಫೋನ್ ನಂಬರ್ ಎಲ್ಲಾ ಊರು ನೋಡ್ತದ.”

ಎರಡೂ ಸರಿಯಾಗಿತ್ತು. ಒಂದೇ ಎತ್ತನ್ನು ಹಲವರಿಗೆ ಮಾರುವ ಕಳ್ಳ ವ್ಯಾಪಾರಿಗಳಿಗೆಂದು ನಮ್ಮಲ್ಲಿ ಒಂದು ಉಪಾಯವಿದೆ. ‘ಮರೆ’ ಎನ್ನುತ್ತೇವೆ. ಮರೆ ಮಾಡಿದ ಪೋಸ್ಟ್ ಹಾಕಿದವರಿಗೆ ಮಾತ್ರ ಕಾಣುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ. ಗಿರಾಕಿ ಯಾಕೆ ಬರುತ್ತಿಲ್ಲವೆಂದು ವ್ಯಾಪಾರಿ ವಾರಗಟ್ಟಲೆ ಕಾಯುತ್ತಾನೆ. ಅದನ್ನು ವಧು-ವರರ ಬಳಗದಲ್ಲಿ ಯಾರೂ ಬಳಸಿರಲಿಲ್ಲ.

“ಸರ್, ಮರೆ ಮಾಡೋಣೇನ್ರಿ?”

ಅವರು ನನ್ನನ್ನು ನೋಡಿ ನಕ್ಕರು. “ಕಳ್ಳರ ಕೀಲಿ ತಗೊಂಡು ಹುಡುಗಿ ಮನಿಗೆ ಕಾವಲಾ? ಮಾಡು. ನನ್ನ ಒಪ್ಪಿಗಿ ಅದ ಅಂತ ಬರಿ.”

ಮರೆ ಮಾಡಿದೆ. ದೂರಿನ ಸ್ಥಿತಿಯನ್ನು ‘ಪರಿಶೀಲನೆಗೆ’ ಎಂದು ಬದಲಿಸಿದೆ. ಗುಂಡಿ ಒತ್ತಿದ ಮರುಕ್ಷಣವೇ ತಿಳಿಯಿತು, ಆ ಸಿದ್ಧ ಸೂಚನೆ ಹೊರಟು ಹೋಗಿತ್ತು. ‘ನೀವು ನೀಡಿದ ದೂರನ್ನು ಪರಿಶೀಲಿಸುತ್ತಿದ್ದೇವೆ.’ ಸೋಮವಾರ, ಮಂಗಳವಾರವೂ ಹೋಗಿತ್ತು, ಇದು ಮೂರನೆಯದು. ಆ ಖಾತೆ ಇದ್ದದ್ದು ಒಬ್ಬ ಗಂಡಸಿನ ಹೆಸರಿನಲ್ಲಿ. ಬಯೋಡಾಟಾದಲ್ಲಿ ತಂದೆಯ ಹೆಸರೂ ಅದೇ. ಆ ಹುಡುಗಿ ಯಾರಿಗೆ ತಿಳಿಯಬಾರದೆಂದು ಬರೆದಳೋ ಅವರ ಕೈಯಲ್ಲಿರುವ ಫೋನಿಗೇ ನಾನು ಮೂರು ಸಲ ಸುದ್ದಿ ಕಳಿಸಿದ್ದೆ. ಹೋದ ಸೂಚನೆಯನ್ನು ಹಿಂದಕ್ಕೆ ಕರೆಯುವ ಗುಂಡಿ ನಮ್ಮಲ್ಲಿಲ್ಲ. ಆ ದಿನ ಡಬ್ಬಿಯ ರೊಟ್ಟಿ ಹಾಗೆಯೇ ಮನೆಗೆ ಹೋಯಿತು.

ಗುರುವಾರ ಬೆಳಿಗ್ಗೆ ಆರು ಕಾಲಿಗೆ ಕಚೇರಿಯ ಬೀಗ ತೆಗೆದೆ. ಮೂರು ದೂರುಗಳೂ ಬಂದದ್ದು ಆರೂವರೆಯಿಂದ ಏಳರ ನಡುವೆ. ಫೋನ್ ಆಕೆಯ ಕೈಯಲ್ಲಿರುವ ಹೊತ್ತು ಅದೇ ಇರಬೇಕು. ಆ್ಯಪಿನಲ್ಲಿ ಪೋಸ್ಟ್ ಹಾಕಿದವರಿಗೆ ನಾವು ನೇರವಾಗಿ ಬರೆಯುವ ಒಂದು ಕಿಟಕಿಯಿದೆ. ಇಬ್ಬರಲ್ಲಿ ಯಾರು ಅಳಿಸಿದರೂ ಎರಡೂ ಕಡೆ ಅಳಿಯುತ್ತದೆ. ಅದನ್ನು ತೆರೆದಿಟ್ಟು ಕೂತೆ. ಆರು ಮೂವತ್ತೆಂಟಕ್ಕೆ ಖಾತೆಯ ಪಕ್ಕ ಹಸಿರು ಚುಕ್ಕೆ ಬಂತು. ಆಕೆಯಂತೆಯೇ, ಆಕೆಯ ಅಕ್ಷರದಲ್ಲೇ ಬರೆದೆ.

“ನಿನ್ನ ದೂರು ಓದಿದಾಕಿ ನಾ. ಹೆಣ್ಣುಮಗಳು. ಫೋನ್ ಈಗ ಯಾರ ಕೈಯಾಗ ಅದ?”

ಉತ್ತರ ಬಂತು.

“ನನ್ನ ಕೈಯಾಗ. ಅಪ್ಪ ಮರಿಗೆ ಹಾಲ ಕುಡಸಾಕತ್ಯಾನ. ನೀವು ಖರೇನ ಮನಷ್ಯಾರಾ? ಮಶೀನ್ ಅಲ್ಲ?”

“ಅಲ್ಲ. ಉಮರ್ಗಾದಾಕಿ.”

“ಮಶೀನ್‌ದಾಗ ಉಮರ್ಗಾ ಇರಂಗಿಲ್ಲ ಬಿಡ್ರಿ.”

ಅವಳಿಗೆ ಹದಿನೈದು ಮುಗಿದಿತ್ತು, ಹತ್ತನೇ ತರಗತಿ. ತಾಯಿ ಇಲ್ಲ. ಅಪ್ಪ ಕುರಿಗಾರ, ಓದುಬರಹ ಬಾರದು. ಸಾಕಿದ ಅಜ್ಜಿ ಶ್ರಾವಣದಲ್ಲಿ ತೀರಿಕೊಂಡಿದ್ದಳು. ದೀಪಾವಳಿ ಆದ ಮೇಲೆ ಅಪ್ಪ ಕುರಿ ಹೊಡೆದುಕೊಂಡು ಆರು ತಿಂಗಳು ಊರೂರು ತಿರುಗಲು ಹೋಗುತ್ತಾನೆ. ಮನೆಯಲ್ಲಿ ಅವಳೊಬ್ಬಳನ್ನೇ ಬಿಟ್ಟು ಹೋಗುವುದು ಹೇಗೆ? ಅಷ್ಟರೊಳಗೆ ಒಂದು ಮನೆ ಸೇರಿಸಿಬಿಡೋಣ ಎಂದು ಅದೇ ಊರಿನ ಬೇರೆ ಮನೆಯಲ್ಲಿರುವ ಸೋದರಮಾವ ಹೇಳಿದ್ದ. ಬಯೋಡಾಟಾ ಯಾರು ಬರೆದರೆಂದು ಕೇಳಿದೆ.

“ನಾನೇ. ಮಾವ ಓದ್ತಾನ, ಟೈಪ್ ಮಾಡಾಕ ಬರಂಗಿಲ್ಲ. ಅಂವಾ ಹೇಳಿದ, ನಾ ಬರದೆ. ಇಸವಿ ಮಾವಂದು. ಉಳಿದಿದ್ದೆಲ್ಲ ಖರೇ ಅದ. ರೊಟ್ಟಿ ಖರೇನ ಮಾಡಾಕ ಬರ್ತದ ನನಗ.”

ನಿನ್ನೆಯಿಂದ ಕಾಡುತ್ತಿದ್ದ ಪ್ರಶ್ನೆಯನ್ನು ಕೇಳಿದೆ. “ಮೂರು ಸೂಚನೆ ಬಂದಾವ. ತಪ್ಪು ನಂದು. ಯಾರು ನೋಡಿದ್ರು?”

“ಫೋನ್ ದಿನಾ ಅಪ್ಪನ ಜೋಡಿ ಕುರಿ ಕಾಯಾಕ ಹೋಗ್ತದ. ಸಂಜೀಕ ಬಂದು ನನಗ ಕೊಟ್ಟು, ಏನ್ ಬಂದದ ಓದವ್ವಾ ಅಂತಾನ. ಮಳಿ ಬರ್ತದಂತ ಓದಿದೆ.”

“ಮೂರೂ ದಿನ?”

“ಮೂರೂ ದಿನ. ಅಪ್ಪ ಓಣಿ ತುಂಬ ಹೇಳ್ಯಾನ. ಮಂದಿ ಸೋಯಾಬೀನ್ ಬಣವಿಗೆ ತಾಡಪತ್ರಿ ಹೊದಸ್ಯಾರ.”

ಖಾಲಿ ಕಚೇರಿಯಲ್ಲಿ ನಾನೊಬ್ಬಳೇ ಜೋರಾಗಿ ನಕ್ಕೆ. ನಕ್ಕ ಮೇಲೆ ಕಣ್ಣು ಒರೆಸಿಕೊಳ್ಳಬೇಕಾಯಿತು. ಆ ಮನೆಯಲ್ಲಿ ಅಕ್ಷರವೆಂಬುದು ಅವಳೊಬ್ಬಳ ಬಾಯಿಂದ ಬರುತ್ತಿತ್ತು, ಅವಳ ಮದುವೆಯ ಕಾಗದವೂ ಅವಳ ಬೆರಳಿಂದಲೇ ಹೊರಟಿತ್ತು. ಒಂದು ದಿನ ಅಪ್ಪ ಆ ಫೋನನ್ನು ಅವಳಿಗೆ ಕೊಡುವ ಬದಲು ಮಾವನಿಗೆ ಕೊಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು.

ಆಮೇಲೆ ಅವಳು ಬರೆದಳು. ನಾನು ಮರೆ ಮಾಡುವ ಮೊದಲೇ ಒಂದು ಮನೆಯವರು ಫೋನ್ ಮಾಡಿದ್ದರು. ಬರುವ ಸೋಮವಾರ ನೋಡಲು ಬರುತ್ತಾರೆ. “ನೋಡಿ ಒಪ್ಪಿದ್ರ ಅವತ್ತ ಮಾತು ಕೊಡ್ತಾರ. ಅಪ್ಪ ಭಂಡಾರ ಮುಟ್ಟಿ ಮಾತು ಕೊಟ್ರ ತಿರುಗಿ ತಗೊಳ್ಳಂಗಿಲ್ಲ.” ಭಂಡಾರವೆಂದರೆ ಕುರಿಗಾರರ ದೇವರು ಬೀರಪ್ಪನ ಅರಿಶಿನ. ಅದನ್ನು ಮುಟ್ಟಿ ಆಡಿದ ಮಾತು ಆ ಮನೆಗಳಲ್ಲಿ ಕೊನೆಯ ಮಾತು. ನಮಗಿದ್ದದ್ದು ನಾಲ್ಕು ದಿನ.

ಶಾಲೆಯ ಗುರುತಿನ ಚೀಟಿಯ ಫೋಟೋ ಕೇಳಿದೆ. ಕಳಿಸಿದಳು, ಕೂಡಲೇ ನನ್ನ ಕಡೆ ಉಳಿಸಿಟ್ಟುಕೊಂಡೆ. ಅದರಲ್ಲೂ ಜೂನ್ ಒಂದೇ ಇತ್ತು, ಇಸವಿ ಮಾತ್ರ ನಾಲ್ಕು ವರ್ಷ ಈಚಿನದು. ಇನ್ನು ಮೇಲೆ ದೂರು ಒತ್ತಬೇಡ, ಹೀಗೆ ಬೆಳಿಗ್ಗೆ ಬರೆ, ಬರೆದದ್ದನ್ನು ಆಗಲೇ ಅಳಿಸು ಎಂದೆ.

“ಅಪ್ಪ ಕೆಟ್ಟಂವ ಅಲ್ರಿ. ಅಂವನ ಮ್ಯಾಲ ಪೋಲೀಸರನ್ನ ಕಳಸಬ್ಯಾಡ್ರಿ. ಬಂದ, ಬಂದ.” ಹಸಿರು ಚುಕ್ಕೆ ಆರಿತು. ನಾವು ಬರೆದುಕೊಂಡ ಸಾಲುಗಳು ಒಂದೊಂದಾಗಿ ನನ್ನ ಪರದೆಯಿಂದಲೂ ಮಾಯವಾದವು.

ಹತ್ತು ಗಂಟೆಗೆ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಅಲ್ಲಿಂದ ಜಿಲ್ಲೆಯ ಬಾಲ ಸಂರಕ್ಷಣೆಯ ಅಧಿಕಾರಿಯೊಬ್ಬರಿಗೆ ಜೋಡಿಸಿದರು. ಮರಾಠಿಯಲ್ಲಿ ನಿಧಾನವಾಗಿ, ಪ್ರತಿ ಮಾತನ್ನೂ ಬರೆದುಕೊಳ್ಳುತ್ತ ಮಾತಾಡುವ ಮೇಡಂ. ಪೋಸ್ಟನ್ನು ಅಳಿಸದೆ ಮರೆ ಮಾಡಿದ್ದೇವೆ ಎಂದಾಗ “ಒಳ್ಳೆಯದಾಯಿತು, ಬಹಳ ಜನ ಮೊದಲು ಅಳಿಸಿ ಆಮೇಲೆ ಫೋನ್ ಮಾಡುತ್ತಾರೆ” ಎಂದರು. ಕಚೇರಿಯ ಪತ್ರ ಕೊಟ್ಟರೆ ನಮ್ಮಲ್ಲಿರುವ ಮಾಹಿತಿ ಕೊಡಲು ಮೇಲ್ವಿಚಾರಕರು ಒಪ್ಪಿದರು. ಪತ್ರ ಮಧ್ಯಾಹ್ನವೇ ಬಂತು. ಪೋಸ್ಟಿನ ಪ್ರತಿ, ಹಾಕಿದ ದಿನ ಮತ್ತು ಹೊತ್ತು, ಖಾತೆಯ ಗುರುತು, ಗುರುತಿನ ಚೀಟಿಯ ಚಿತ್ರ, ಎಲ್ಲ ಜೋಡಿಸಿದೆ. ದೂರುಗಳ ದಾಖಲೆಯನ್ನು ಮಾತ್ರ ಪಕ್ಕಕ್ಕಿಟ್ಟೆ. ಆ ದಾಖಲೆಯಲ್ಲಿ ದೂರು ಕೊಟ್ಟದ್ದು ಅದೇ ಖಾತೆ ಎಂದು ಸ್ಪಷ್ಟವಾಗಿತ್ತು.

ಮೇಡಂಗೆ ಮತ್ತೆ ಫೋನ್ ಮಾಡಿದೆ. ದೂರುದಾರರ ಹೆಸರಿಲ್ಲದೆಯೂ ನಡೆಯುತ್ತದೆ, ಕಾನೂನು ಕೇಳುವುದಿಲ್ಲ ಎಂದರು. “ಆದರೆ ಹೆಸರಿಲ್ಲದಿದ್ದರೆ ಆ ಮನೆಯಲ್ಲಿ ಮೊದಲ ಪ್ರಶ್ನೆ ಯಾರು ಹೇಳಿದರು ಎಂಬುದೇ. ಓದುಬರಹ ಬರುವವರು ಮನೆಯಲ್ಲಿ ಎಷ್ಟು ಜನ?” ಎಂದು ಕೇಳಿದರು.

ಒಬ್ಬಳೇ.

ನನ್ನ ಹೆಸರನ್ನು ನಾನು ಎಲ್ಲೂ ಹಾಕುವುದಿಲ್ಲ. ನಮ್ಮದೇ ಆ್ಯಪಿನಲ್ಲೂ ನನಗೆ ಖಾತೆಯಿಲ್ಲ. ಬಸ್ಸಿನಲ್ಲಿ ಯಾವ ಊರು ಎಂದು ಕೇಳಿದವರಿಗೆ ತಾಲೂಕು ಮಾತ್ರ ಹೇಳುತ್ತೇನೆ. ಹೆಸರಿಗೆ ಅಡ್ಡಹೆಸರು ಸೇರಿದರೆ ಸಾಕು, ಉಮರ್ಗಾದಲ್ಲಿ ನಮ್ಮ ಮನೆಯ ಬಾಗಿಲಿಗೆ ಯಾರು ಬೇಕಾದರೂ ಬರಬಹುದು. ಆ ಸಂಜೆ ಅವ್ವನಿಗೆ ಫೋನ್ ಮಾಡಿ, ಹುಡುಗಿಯ ಊರು-ಹೆಸರು ಬಿಟ್ಟು ಉಳಿದದ್ದು ಹೇಳಿದೆ. ಅವ್ವ ಶೇಂಗಾ ಸುಲಿಯುತ್ತಿದ್ದಳು. ಸಿಪ್ಪೆ ಬೀಳುವ ಸದ್ದು ಕೇಳುತ್ತಿತ್ತು.

“ಮನೀಗೆ ಯಾರರ ಬಂದು ಜಗಳಾಡಿದ್ರವ್ವಾ?”

“ಬರ್ಲಿ. ಚಹಾ ಕೊಡ್ತೀನಿ.”

“ನಗಬ್ಯಾಡ. ನನ್ನ ಹೆಸರು ಕೊಡಲೋ ಬ್ಯಾಡೋ ಹೇಳು.”

“ಹೆಸರು ಕೊಟ್ರ ಅದೇನು ಸವೀತದಾ? ಇಟ್ಟಾಕಿ ನಾ. ಕೇಳೂದಿದ್ರ ನನ್ನ ಕೇಳ್ಲಿ.” ಸಿಪ್ಪೆಯ ಸದ್ದು ನಿಂತಿತು. “ನನ್ನ ಲಗ್ನದಾಗ ನನಗ ಹದಿನಾಲ್ಕು. ಯಾವ ಗುಂಡಿ ಒತ್ತಬೇಕಿತ್ತು ನಾ? ಕೊಡವ್ವಾ, ಕೊಡು.”

ಅವ್ವ ತನ್ನ ಮದುವೆಯ ವಯಸ್ಸನ್ನು ನನಗೆ ಹೇಳಿದ್ದು ಅದೇ ಮೊದಲು. ಶುಕ್ರವಾರ ಬೆಳಿಗ್ಗೆ ದೂರುದಾರರು ಎಂಬಲ್ಲಿ ನನ್ನ ಪೂರ್ತಿ ಹೆಸರು ಬರೆದೆ. ಬಳಗದಲ್ಲಿ ಪೋಸ್ಟುಗಳನ್ನು ನೋಡುವುದು ನನ್ನ ಕೆಲಸ, ಬ್ಯಾಡ್ಜಿನ ಗುರುತು ನೋಡಿ ನನಗೆ ಅನುಮಾನ ಬಂತು ಎಂದು ಬರೆದೆ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ, ಎರಡು ದಿನ ತಡವಾಗಿತ್ತು ಅಷ್ಟೆ. ದೂರಿನ ದಾಖಲೆ ಲಕೋಟೆಯಲ್ಲಿ ಮೇಡಂ ಒಬ್ಬರಿಗೇ ಹೋಯಿತು.

ಶನಿವಾರ ಮೇಡಂ ಹಳ್ಳಿಗೆ ಹೊರಟರು. ಅವರಿಗೆ ಕನ್ನಡ ಬಾರದು, ಆ ತಂದೆಗೆ ಮನೆಯ ಮಾತಿನಲ್ಲಿ ಹೇಳಿದರೇ ಚೆನ್ನ ಎಂದು ನನ್ನನ್ನೂ ಕರೆದರು. ಜೀಪಿನಲ್ಲಿ ಊರಿನ ಗ್ರಾಮಸೇವಕರೂ ಇದ್ದರು. ದಾರಿಯುದ್ದಕ್ಕೂ ಸೋಯಾಬೀನ್ ಕಟಾವು ನಡೆದಿತ್ತು. ಊರ ಓಣಿಗೆ ತಿರುಗಿದಾಗ ನಾಲ್ಕೈದು ಅಂಗಳಗಳಲ್ಲಿ ಬಣವೆಗಳು ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದ್ದು, ಸುಡುವ ಬಿಸಿಲಲ್ಲಿ ಕೂತಿದ್ದವು. ನಾನು ಮುಖ ಹೊರಗಡೆ ತಿರುಗಿಸಿದೆ.

ಮಾವ ದೇವಣಿಯ ಸಂತೆಗೆ ಹೋಗಿದ್ದ. ತಂದೆ ಅಂಗಳದಲ್ಲಿ ಕುಂಟುವ ಕುರಿಯೊಂದರ ಗೊರಸು ನೋಡುತ್ತಿದ್ದರು. ಹಣೆಯಲ್ಲಿ ಭಂಡಾರ, ಹೆಗಲಲ್ಲಿ ಕಂಬಳಿ. ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಫೋಟೋಗಿಂತ ಸಣ್ಣವಳು. ನನ್ನನ್ನು ನೋಡಿದಳು, ಕೂಡಲೇ ನೆಲ ನೋಡಿದಳು. ನಾನು ಯಾರೆಂದು ಅವಳು ಊಹಿಸಿದ್ದಳು.

ಹದಿನೆಂಟು ತುಂಬದ ಮಗಳ ಮದುವೆ ಅಪರಾಧ, ಬಯೋಡಾಟಾದ ಮೇಲೆ ದೂರು ಬಂದಿದೆ ಎಂದು ಮೇಡಂ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ತಂದೆ ಕುರಿಯ ಕಾಲು ಬಿಟ್ಟು ಎದ್ದು ನಿಂತರು.

“ಯಾರು ಹೇಳಿದ್ರು ನಿಮಗ?”

“ನಾನೇ ದೂರು ಕೊಟ್ಟಾಕ್ರಿ.”

“ನಿಮಗೇನ ಗೊತ್ತು ನನ್ನ ಮಗಳು?”

“ಫೋಟೋ ನೋಡಿದೆ. ಅಂಗಿ ಮ್ಯಾಲ ಸಾಲಿ ಬ್ಯಾಡ್ಜ್ ಬಿಚ್ಚಿದ್ದು ಕಾಣ್ತದ್ರಿ.”

“ಯಾವೂರು ನಿಮ್ದು?”

ಊರು ಹೇಳಿದೆ. ಕೇಳುವ ಮೊದಲೇ ಮನೆತನವನ್ನೂ ಹೇಳಿದೆ.

“ಉಮರ್ಗಾದ ಒಕ್ಕಲು ಮಂದಿ. ನಿಮ್ಮ ಹೊಲದಾಗ ಗೊಬ್ಬರಕ್ಕ ನಮ್ಮ ಕುರಿ ಕೂಡಸ್ತೀರಿ. ನಮ್ಮ ಮನ್ಯಾಗ ಕಾಗದ ತಂದು ಕೂಡಸ್ತೀರಿ.” ಅವರ ದನಿ ಏರಿತ್ತು. “ಆರು ತಿಂಗಳು ನಾ ಊರಾಗ ಇರಂಗಿಲ್ಲ. ಈಕಿನ್ನ ಕುರಿ ಜೋಡಿ ಒಯ್ಯಲೇನು? ಕೀಲಿ ಹಾಕಿ ಹೋಗಲೇನು? ನಮ್ಮವ್ವ ಇದ್ರ ಈ ಮಾತ ಬರತಿರಲಿಲ್ಲ. ಹೇಳ್ರಿ, ಕಾಗದದಾಗ ಇದಕ್ಕ ಏನರ ಬರದದೇನು?”

ಅದನ್ನು ಮರಾಠಿಯಲ್ಲಿ ಮೇಡಂಗೆ ಹೇಳಿದೆ. ಅವರು ಬೇಸರಿಸಿಕೊಳ್ಳಲಿಲ್ಲ, ಅಂಗಳದಲ್ಲಿ ಹಾಸಿದ್ದ ಕಂಬಳಿಯ ಮೇಲೆ ಕೂತರು. ನಿಲಂಗಾದಲ್ಲಿ ಹುಡುಗಿಯರ ವಸತಿನಿಲಯವಿದೆ, ಇಂಥ ಮಕ್ಕಳಿಗೆ ವರ್ಷದ ನಡುವೆಯೂ ಜಾಗ ಕೊಡುತ್ತಾರೆ, ಶಾಲೆಯನ್ನು ಅಲ್ಲಿಗೆ ಬದಲಿಸಿಕೊಡುತ್ತೇವೆ ಎಂದರು. ನಾನು ದಾಟಿಸುತ್ತಿದ್ದೆ. ತಂದೆ ನನ್ನ ಮುಖ ನೋಡದೆ ಮಗಳ ಮುಖ ನೋಡುತ್ತಿದ್ದರು.

“ನೀ ಇರ್ತೀ ಅಲ್ಲಿ?”

“ಇರ್ತೀನಿ ಅಪ್ಪಾ. ನೀ ತಿರುಗಿ ಬರೂ ತನಕ.”

ಅವರು ಕುಂಟುವ ಕುರಿಯನ್ನು ಗೂಟಕ್ಕೆ ಕಟ್ಟಿದರು. ಆಮೇಲೆ, ನಾವು ಯಾರೂ ಇಲ್ಲವೆಂಬಂತೆ, ಮಗಳನ್ನೇ ಕೇಳಿದರು: “ಮತ್ತ ನನ್ನ ಫೋನ್ ಯಾರು ಓದ್ತಾರ?”

ಹುಡುಗಿ ಅಳಲು ಶುರುಮಾಡಿದಳು. ಅಳುತ್ತಲೇ ಹೇಳಿದಳು: “ಐತವಾರಕ್ಕೊಮ್ಮೆ ಹಾಸ್ಟೆಲಿಗೆ ಫೋನ್ ಹಚ್ಚು. ಎಲ್ಲಿ ಇದ್ದೀ ಹೇಳು. ಉಳದದ್ದು ಯಾರ ಕಡೆ ಬೇಕಾದ್ರೂ ಓದಿಸು.”

ಮೇಡಂ ಭರ್ತಿ ಮಾಡಿದ ಕಾಗದ ತೆಗೆದರು. ಹದಿನೆಂಟು ತುಂಬುವವರೆಗೆ ಮಗಳ ಮದುವೆ ಮಾಡುವುದಿಲ್ಲ ಎಂಬ ಒಪ್ಪಿಗೆ ಪತ್ರ, ಮರಾಠಿಯಲ್ಲಿ. ಗ್ರಾಮಸೇವಕರು ಓದಿ ಹೇಳಲು ಕೈ ಚಾಚಿದರು. ತಂದೆ ಅವರಿಗೆ ಕೊಡಲಿಲ್ಲ. ಕಾಗದವನ್ನು ಮಗಳ ಕೈಗೆ ಕೊಟ್ಟರು.

“ಓದವ್ವಾ.”

ಅವಳು ಓದಿದಳು. ಒಂದೊಂದು ಸಾಲು ಮರಾಠಿಯಲ್ಲಿ ಓದುವುದು, ನಿಲ್ಲುವುದು, ಕನ್ನಡದಲ್ಲಿ ಹೇಳುವುದು. ನನ್ನ ಕೆಲಸ ಅದು, ನನಗಿಂತ ಚೆನ್ನಾಗಿ ಮಾಡಿದಳು. ಕೊನೆಗೆ ತಪ್ಪಿದರೆ ಶಿಕ್ಷೆಯಿದೆ ಎಂಬ ಸಾಲು ಬಂತು. ಅದನ್ನು ಬಿಟ್ಟುಬಿಡುತ್ತಾಳೇನೋ ಎಂದುಕೊಂಡೆ. ಬಿಡಲಿಲ್ಲ. ಸಣ್ಣ ದನಿಯಲ್ಲಿ ಅದನ್ನೂ ಹೇಳಿದಳು.

ತಂದೆ ಹೆಬ್ಬೆಟ್ಟು ಒತ್ತಿದರು. ಶಾಯಿಯ ಬೆರಳನ್ನು ಹೆಗಲ ಕಂಬಳಿಗೆ ಒರೆಸಿ, ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದರು. “ಆ ಕಾಗದ ನಿಮಗ. ನನಗ ಇದು” ಎಂದು, ಬೀರಪ್ಪನ ಹೆಸರು ಹೇಳಿ, ಮಗಳ ಹಣೆಗೆ ಹಚ್ಚಿದರು. ಉಳಿದದ್ದನ್ನು ತಮ್ಮ ನಾಲಿಗೆಯ ಮೇಲಿಟ್ಟುಕೊಂಡರು.

“ಸೋಮವಾರ ಬರೋರಿಗೆ ಫೋನ್ ಹಚ್ಚು” ಎಂದರು. ಅವಳು ಹಚ್ಚಿ ಕೊಟ್ಟಳು. ಅವರು ಆ ಕಡೆಯವರಿಗೆ ಹೇಳಿದ್ದು ಎರಡೇ ಮಾತು: “ಬರಬ್ಯಾಡ್ರಿ. ಹುಡುಗಿ ಇನ್ನಾ ಸಣ್ಣಾಕಿ ಅದಾಳ.” ಬುಧವಾರ ನಾನು ತುಟಿ ಅಲ್ಲಾಡಿಸಿ ಓದಿದ್ದ ಮಾತು ಅದೇ.

ನಾವು ಜೀಪಿನ ಕಡೆ ನಡೆದೆವು. ಹಿಂದೆ ಅವರ ದನಿ ಕೇಳಿತು, ಮಗಳ ಜೊತೆ, ಮೆಲ್ಲಗೆ.

“ಮೂರು ದಿನ ಮಳಿ ಬರ್ತದಂತ ಓದಿದಿ.”

ನಾನು ನಿಂತೆ, ತಿರುಗಿ ನೋಡುವ ಧೈರ್ಯವಾಗಲಿಲ್ಲ.

“ಒಂದು ಹನಿ ಬೀಳಲಿಲ್ಲ. ಓಣಿ ಮಂದಿ ನನಗ ನಗಾಕತ್ಯಾರ.”

“ಅಪ್ಪಾ…”

“ಇರ್ಲಿ. ನನ್ನ ಮುಂದ ಹೇಳಾಕ ಅಂಜಿದ್ದಿ, ಅಷ್ಟ ಹೌದಲ್ಲ? ಮಾವಗ ನಾ ಹೇಳ್ತೀನಿ, ನೀ ಬಾಯಿ ಬಿಡಬ್ಯಾಡ. ಇನ್ನ ಮ್ಯಾಲ ಇದ್ದಿದ್ದ ಓದು.”

ವಾಪಸು ಬರುವಾಗ ಮೇಡಂ ಏನಾಯಿತೆಂದು ಕೇಳಿದರು. ಮಳೆಯ ಮಾತಾಡುತ್ತಿದ್ದರು ಎಂದೆ. ಅದನ್ನು ಯಾರಿಗೂ ದಾಟಿಸುವ ಅಗತ್ಯ ನನಗೆ ಕಾಣಲಿಲ್ಲ.

ಮರುದಿನ ಭಾನುವಾರ. ಕಚೇರಿಗೆ ರಜೆ. ಆರು ಕಾಲಿಗೆ ಹೋಗಿ ಬೀಗ ತೆಗೆದೆ. ಮೊದಲು ನಿಯಮಪಟ್ಟಿ ತೆರೆದು, ನಾನೇ ಬರೆದಿದ್ದ ಆ ಸಾಲನ್ನು ಅಳಿಸಿದೆ. ಅದರ ಜಾಗದಲ್ಲಿ, ತನ್ನದೇ ಪೋಸ್ಟಿನ ಮೇಲೆ ಯಾರಾದರೂ ದೂರು ಕೊಟ್ಟರೆ ಅದನ್ನು ಎಲ್ಲಕ್ಕಿಂತ ಮೊದಲು ತೆರೆದು ಓದುವುದು, ಸಿದ್ಧ ಸೂಚನೆ ಕಳಿಸದಿರುವುದು ಎಂದು ಬರೆದೆ.

ಆಮೇಲೆ ಮೇಡಂ ಒಪ್ಪಿಗೆ ಕೊಟ್ಟಿದ್ದ ಪ್ರಕಾರ ಬಯೋಡಾಟಾವನ್ನು ಪೂರ್ತಿ ತೆಗೆದೆ. ಸಿದ್ಧ ಸೂಚನೆ ತಾನಾಗಿ ಹೋಗದಂತೆ ಈ ಸಲ ಮೊದಲೇ ನಿಲ್ಲಿಸಿ, ಆರು ನಲವತ್ತಕ್ಕೆ, ಮನೆಯ ಮಾತಿನಲ್ಲಿ, ಶಾಲೆಯ ಅಕ್ಷರದಲ್ಲಿ, ಗಟ್ಟಿಯಾಗಿ ಓದಿದರೆ ಕೇಳಲು ಚೆನ್ನಾಗಿರುವಂತೆ ಕೈಯಾರೆ ಟೈಪ್ ಮಾಡಿ ಕಳಿಸಿದೆ:

“ನಿಮ್ಮ ಮಗಳ ಬಯೋಡಾಟಾ ನಮ್ಮ ಬಳಗದಿಂದ ತೆಗದೇವ್ರಿ. ಮಳಿ ಸುದ್ದಿ ಏನೂ ಇಲ್ಲ. ಬಣವಿ ಮ್ಯಾಲಿನ ತಾಡಪತ್ರಿ ತೆಗೀಬಹುದು.”

ಹಸಿರು ಚುಕ್ಕೆ ಬಂತು. ಸೂಚನೆಯ ಪಕ್ಕ ‘ಓದಲಾಗಿದೆ’ ಎಂದು ಬಂತು. ಯಾರ ಬಾಯಿಂದ, ಯಾರ ಕಿವಿಗೆ ಎಂದು ನಾನು ಬಲ್ಲೆ. ಕಿಟಕಿ ಮುಚ್ಚಿ, ಅವ್ವನಿಗೆ ಫೋನ್ ಹಚ್ಚಿದೆ.